ಒಬ್ಬರದು ಇನ್ನೊಬ್ಬರಿಗಲ್ಲ

ಲೆತೆಬ್ರಹಾನಳ ಕೊರಳಲ್ಲಿ ಒಂದೇ ಕರಿದಾರ.
ಅದರಲ್ಲಿ ಮರದ ಶಿಲುಬೆ, ಪಕ್ಕದಲ್ಲೇ
ಕಬ್ಬಿಣದ ಚಿಮಟ, ತಾಯಿ ಕೊಟ್ಟದ್ದು.
ಒಂದು ಪ್ರಾರ್ಥನೆಗೆ. ಇನ್ನೊಂದು
ಒಳಮಗ್ಗುಲಾಗಿ ಬೆಳೆದು ಕಣ್ಣುಗುಡ್ಡೆ ಗೀರುವ
ರೆಪ್ಪೆಗೂದಲು ಕೀಳುವುದಕ್ಕೆ.
ಯಾವುದು ಯಾವುದೆಂದು ಕತ್ತಲಲ್ಲಿ
ಕೈಗೆ ಒಮ್ಮೊಮ್ಮೆ ತಪ್ಪುತ್ತಿತ್ತಂತೆ.

ನಾನು ಕಣ್ಣಿನ ನರ್ಸು. ಮೆಕೆಲೆಯಿಂದ ಮಂಗಳವಾರ ಬರುತ್ತೇನೆ,
ಜೀಪು ಹೋಗುವಷ್ಟು ದೂರ, ಆಮೇಲೆ ಹೇಸರಗತ್ತೆ.
ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ
ಐದು ನಿಮಿಷ ಕಾದೆ. ಪಟ್ಟಿ ಒದ್ದೆಯಾಗಲಿಲ್ಲ.
ರಿಜಿಸ್ಟರಿನಲ್ಲಿ ಬರೆದೆ:
ಬಲಗಣ್ಣು ಸೊನ್ನೆ. ಎಡಗಣ್ಣು ಸೊನ್ನೆ.

"ಅದಕ್ಕೇ," ಅಂದಳು. "ಹದುಷನ ಸುದ್ದಿ ಬಂದ ದಿನ
ಊರೆಲ್ಲ ಅತ್ತಿತು. ನಾನು ಹೊಸ್ತಿಲ ಮೇಲೆ ಕೂತು
ಒಣಗಣ್ಣಲ್ಲಿ ಎಲ್ಲರನ್ನೂ ನೋಡಿದೆ.
ಹೆತ್ತವಳ ಎದೆ ಕಲ್ಲು ಅಂದರು.
ಕಲ್ಲೇನೂ ಅಲ್ಲ.
ಬಾವಿ ಇತ್ತು, ಹಗ್ಗ ಇರಲಿಲ್ಲ."

ಕೆಶಿ ವೆಲ್ದೂ, ಇಗರ್ಜಿಯ ಪಾದ್ರಿ, ಹೇಳಿದ್ದರಂತೆ:
ದೇವರ ಬಳಿ ತೊಗಲಿನ ಬುದ್ದಲಿ ಇದೆ,
ನಮ್ಮ ಕಣ್ಣೀರನ್ನೆಲ್ಲ ಅದರಲ್ಲಿ ಕಾದಿಡುತ್ತಾನೆ,
ತೊಟ್ಟೂ ಸೋರುವುದಿಲ್ಲ.
ಸಮಾಧಾನಕ್ಕೆಂದೇ ಆಡಿದ ಮಾತು.
ಅವತ್ತಿನಿಂದ ಅವಳಿಗೆ ನಿದ್ದೆ ಹೋಯಿತು.
"ಎಲ್ಲರವೂ ತುಂಬಿ ಸಾಲಾಗಿ ತೂಗುತ್ತಿರುತ್ತವೆ,
ನನ್ನದು ಸುಕ್ಕುಗಟ್ಟಿ, ಗಾಳಿಗೆ ಪಟಪಟ ಬಡಿಯುತ್ತ…
ಅಲ್ಲಿ ಹೋಗಿ ಮಗನಿಗೆ ಏನು ತೋರಿಸಲಿ?"

ನನಗೆ ಶಾಸ್ತ್ರ ತಿಳಿಯದು. ನನ್ನ ಪೆಟ್ಟಿಗೆಯಲ್ಲಿ
ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಸೀಸೆಯಿತ್ತು.
ಕೃತಕ ಕಣ್ಣೀರು, ಹತ್ತು ಮಿಲಿಲೀಟರು.
ಚೀಟಿ ಓದಿ ಹೇಳಿದೆ:
ದಿನಕ್ಕೆ ನಾಲ್ಕು ಸಲ, ಒಂದೊಂದೇ ತೊಟ್ಟು.
ಮುಚ್ಚಳ ತೆರೆದ ಮೇಲೆ ಇಪ್ಪತ್ತೆಂಟು ದಿನ.
ತುದಿ ಕಣ್ಣಿಗೆ ತಾಗಬಾರದು.
ಒಬ್ಬರದು ಇನ್ನೊಬ್ಬರಿಗಲ್ಲ.

ಕೊನೆಯ ಸಾಲಿಗೆ ಅವಳು ನಕ್ಕಳು.
"ಯಾರು ಬರೆದದ್ದು ಇದು?
ಮಾರ್ತಾಳ ಮನೆಯ ಸಾವಿಗೆ ಆತ ಅತ್ತನಲ್ಲ,
ಅದು ಯಾರ ಕಣ್ಣೀರು ಮತ್ತೆ?
ಇನ್ನೊಂದು ಗಳಿಗೆಗೆ ಎಬ್ಬಿಸಲಿದ್ದವನಿಗೆ
ಅಳುವ ದರ್ದು ಏನಿತ್ತು?"

ಶುಭ ಶುಕ್ರವಾರ ನಾನೂ ಗುಡ್ಡ ಹತ್ತಿದೆ.
ಬಂಡೆಯ ಹೊಟ್ಟೆ ಕೊರೆದು ಮಾಡಿದ ಇಗರ್ಜಿ.
ಬೆಳಗಿನಿಂದ ಬಾಗಿ ಏಳುವುದು, ಬಾಗಿ ಏಳುವುದು,
ಬಿಳಿ ಹೊದಿಕೆಯ ನೂರು ಬೆನ್ನು, ಹಣೆಗೆ ಅಂಟಿದ ಧೂಳು.
ಕೆಶಿ ಆಲಿವ್ ಸೊಪ್ಪಿನ ಕಟ್ಟಿನಿಂದ ಮೆಲ್ಲಗೆ ಹೊಡೆದು
ಲೆಕ್ಕ ಹೇಳುತ್ತಿದ್ದರು: ನಿನಗೆ ನಲವತ್ತು, ನಿನಗೆ ನೂರು.

ಕಂಬದ ಮರೆಯಲ್ಲಿ ಬೇರೊಂದು ಸಾಲು ನಿಂತಿತ್ತು.
ಮುಂದೆ ಲೆತೆಬ್ರಹಾನ್, ಕೈಯಲ್ಲಿ ಸೀಸೆ.
ಒಬ್ಬೊಬ್ಬಳೂ ಕತ್ತು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು
(ಕಣ್ಣಿಗೆ ಮದ್ದು ಬೀಳುವಾಗ ಎಲ್ಲರೂ
ಬಾಯಿ ಯಾಕೆ ತೆರೆಯುತ್ತಾರೋ, ಗೂಡಿನ ಮರಿಗಳ ಹಾಗೆ).
ಗುಂಡು ತಗುಲಿದವನ ತಾಯಿ.
ಸುದ್ದಿಯೇ ಬಾರದವನ ಹೆಂಡತಿ.
ಹೇಳಲಾರದ್ದು ನಡೆದುಹೋದ ಹುಡುಗಿ,
ಅವಳ ಕಣ್ಣಿಗೆ ರೋಗವೇ ಇರಲಿಲ್ಲ.
ತೊಟ್ಟು ಕೆನ್ನೆಗಿಳಿಯಿತು. ಅದರ ಹಿಂದೆಯೇ ಇನ್ನೊಂದು,
ಸೀಸೆಯದ್ದಲ್ಲದ್ದು.
ಒಣಗಿದ ಕೈಪಂಪಿಗೆ ಮೇಲಿಂದ ಒಂದು ಚೊಂಬು ಸುರಿದರೆ
ತಳದ್ದು ಎದ್ದು ಬರುವುದಿಲ್ಲವೇ, ಹಾಗೆ.

ನಾನು ಕೂಗಿ ನಿಲ್ಲಿಸಬೇಕಿತ್ತು. ಸೋಂಕು ಹರಡುತ್ತದೆ.
ಎರಡು ಹೆಜ್ಜೆ ಇಟ್ಟದ್ದೂ ನಿಜ.
ಅಷ್ಟರಲ್ಲಿ ಕೆಶಿ ವೆಲ್ದೂ
ಸೊಪ್ಪಿನ ಕಟ್ಟು ಕಂಕುಳಿಗೆ ಸಿಕ್ಕಿಸಿ
ಸಾಲಿನ ಕೊನೆಗೆ ಬಂದು ನಿಂತರು. ಯಾರನ್ನೂ ನೋಡಲಿಲ್ಲ.
ಸರದಿ ಬಂದಾಗ ರುಮಾಲು ತೆಗೆದು
ಮುಖ ಮೇಲೆತ್ತಿದರು.

ಸೀಸೆ ಹಿಂಡಿದಳು. ಗಾಳಿ ಮಾತ್ರ ಬಂತು.
ಇನ್ನೊಮ್ಮೆ ಹಿಂಡಿದಳು.
ಅವರು ಹಾಗೇ ನಿಂತೇ ಇದ್ದರು, ಬಾಯಿ ತೆರೆದು,
ಬಹಳ ಹೊತ್ತು.

ರಿಜಿಸ್ಟರಿನಲ್ಲಿ: ಸೀಸೆ ಒಂದು, ಹನ್ನೊಂದನೇ ದಿನಕ್ಕೆ ಖಾಲಿ.
ಪರಿಣಾಮ ಎಂಬ ಕಾಲಮ್ಮು ಬಿಟ್ಟಿದ್ದೇನೆ.
ಅವಳ ಬಲಗಣ್ಣು ಈಗಲೂ ಸೊನ್ನೆ, ಎಡಗಣ್ಣು ಸೊನ್ನೆ.
ಮುಂದಿನ ಮಂಗಳವಾರ ಎಷ್ಟು ತರಲಿ, ಕೇಳಿದೆ.
ಬೆರಳು ಮಡಚುತ್ತ ಮನೆಮನೆ ಹೆಸರು ಹಿಡಿದು
ಎಣಿಸತೊಡಗಿದಳು. ಗುಡ್ಡ ಅರ್ಧ ಇಳಿಯುವಷ್ಟರಲ್ಲಿ
ಬೆರಳು ಮುಗಿದವು.
ನನ್ನ ಕೈ ತೆಗೆದುಕೊಂಡು
ನನ್ನವನ್ನೂ ಮಡಚತೊಡಗಿದಳು.