ಇನ್ನೂರು ಬೈಸಾ

ಆಗಸ್ಟಿನಲ್ಲಿ ಸೊಹಾರಿನ ಜ್ವರಕ್ಕೆಲ್ಲ
ಒಂದೇ ಹೆಸರು: ಬಿಸಿಲು.
ರಿಜಿಸ್ಟರಿನಲ್ಲಿ ಅವನ ಮುಂದೆಯೂ ಹಾಗೇ ಬರೆದಿತ್ತು.
ಇದಿನಬ್ಬ, ನಲವತ್ತೊಂದು,
ಕ್ಯಾಂಪಿನ ಅಂಗಡಿಯಲ್ಲಿ ಗಲ್ಲೆ.
ಒಂದು ಬಾಟಲಿ ಗ್ಲೂಕೋಸು, ಎರಡು ಮಾತ್ರೆ, ಮಲಗಲಿ.

ಕರೆತಂದ ತಂಗವೇಲು ಮಾತ್ರ ಬಾಗಿಲು ಬಿಟ್ಟು ಹೋಗಲಿಲ್ಲ.
ಅವನ ಹರಕು ಹಿಂದಿ, ನನ್ನ ಹರಕು ತಮಿಳು:
"ಹನ್ನೊಂದು ವರ್ಷ, ಸಿಸ್ಟರ್,
ಇವನು ಚಿಲ್ಲರೆ ತಪ್ಪಿದವನಲ್ಲ.
ಸಂಜೆ ನನಗೆ ಇನ್ನೂರು ಬೈಸಾ ಹೆಚ್ಚು ಕೊಟ್ಟ.
ವಾಪಸು ಹಿಡಿದರೆ
ಇದು ಯಾವ ಊರಿನ ದುಡ್ಡು ಎಂದು ಕೇಳಿದ."

ಬಿಸಿಲೂ ಲೆಕ್ಕ ಮರೆಸುತ್ತದೆ, ನಿಜ.
ಆದರೆ ಪಾಸ್‌ಪೋರ್ಟಿನ ಮಂಗಳೂರು ಮೊಹರಿಗೆ
ಇನ್ನೂ ಹದಿಮೂರೇ ದಿನ.
ರಜೆಯಲ್ಲಿ ಮಲಗಿದ್ದು ಹೊಸ ಮನೆಯ ತಾರಸಿಯಲ್ಲಂತೆ,
ಹಸಿ ಸಿಮೆಂಟಿಗೆ ಕಟ್ಟಿ ನಿಲ್ಲಿಸಿದ ನೀರಿನ ಪಕ್ಕ,
ತನ್ನದೇ ಗೋಡೆಗೆ ಕೈ ತಾಗಿಸಿಕೊಂಡು.

ಬೆರಳು ಚುಚ್ಚಿದೆ.
ಗಾಜಿನ ಮೇಲೆ ಒಂದು ದಪ್ಪ ಹನಿ, ಒಂದು ತೆಳು ಲೇಪ.
ಗೀಮ್ಸಾ ಬಣ್ಣಕ್ಕೆ ಅದರದ್ದೇ ನಿಧಾನ,
ಎಷ್ಟು ಬೇಡಿಕೊಂಡರೂ ಅಷ್ಟೇ ನಿಮಿಷ.

ಈ ಊರಿನಲ್ಲಿ ಚಿನ್ನದಂಗಡಿಯ ಮುಂದೆ ನಿಂತು
ಉಂಗುರ ನೋಡದವರಿಲ್ಲ.
ಮಸೂರದಡಿ ನಾನು ಕಂಡದ್ದೂ ಉಂಗುರಗಳೇ:
ಕಣದೊಳಗೆ ಕೂದಲೆಳೆಯ ನೀಲಿ ಸುತ್ತು,
ತುದಿಯಲ್ಲಿ ಕೆಂಪು ಹರಳು,
ಕೆಲವಕ್ಕೆ ಎರಡೆರಡು ಹರಳು.
ಎಣಿಸುವುದನ್ನು ಅರ್ಧಕ್ಕೇ ಬಿಟ್ಟು ಫೋನು ಎತ್ತಿದೆ.

ಡಾಕ್ಟರ್ ಇಲ್ಹಾಮ್ ಸುಡಾನಿನವರು,
ಇದನ್ನು ಬೆಳಗಿನವರೆಗೆ ಕಾಯಿಸಿದರೆ
ಬೆಳಗು ಹೇಗಿರುತ್ತದೆಂದು ಬಲ್ಲವರು.
ಬರಿಗಾಲಲ್ಲೇ ಓಡಿ ಬಂದರು.
"ಹೆಸರು ಹೇಳು" ಎಂದರು.
ಅವನು ಬಹಳ ಹೊತ್ತು ಒಳಗೆಲ್ಲೋ ತಡಕಿ
"ಕೀಲಿ" ಎಂದ.
ಸೂಜಿ ಅಷ್ಟರಲ್ಲಿ ನರ ಹೊಕ್ಕಿತ್ತು.

ಆ ರಾತ್ರಿ ಏನೂ ಆಗಲಿಲ್ಲ.
ಕೈಕಾಲು ಸೆಟೆಯಲಿಲ್ಲ, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳಲಿಲ್ಲ,
ಮಸ್ಕತ್ತಿಗೆ ಆಂಬುಲೆನ್ಸು ಓಡಲಿಲ್ಲ,
ಮಂಗಳೂರಿನಲ್ಲಿ ಯಾರ ಫೋನೂ ಹೊತ್ತಲ್ಲದ ಹೊತ್ತಿಗೆ ಹೊಡೆದುಕೊಳ್ಳಲಿಲ್ಲ.
ಏನೂ ಆಗಲಿಲ್ಲ ಎಂಬುದನ್ನು
ರಿಜಿಸ್ಟರಿನಲ್ಲಿ ಬರೆಯಲು ಕಾಲಮ್ಮಿಲ್ಲ.

ನಾಲ್ಕನೆಯ ದಿನ ದಿಂಬಿಗೆ ಒರಗಿ
ಅಂಗಡಿಯ ಪುಸ್ತಕ ತರಿಸಿದ.
ಎರಡು ಸಲ ಕೂಡಿಸಿದ, ಹುಬ್ಬು ಗಂಟಿಕ್ಕಿದ,
ತಂಗವೇಲುವಿನತ್ತ ಕೈ ಚಾಚಿದ:
"ಇನ್ನೂರು ಬೈಸಾ."

ತಂಗವೇಲು ಜೇಬು ತಡವಿಕೊಂಡ.
"ಚಾ ಕುಡಿದುಬಿಟ್ಟೆ ಮಾರಾಯ,
ಅವತ್ತೇ,
ನಿದ್ದೆ ಬಂದೀತೆಂದು ಹೆದರಿ."