ಇರುಳಗಣ್ಣು

ಕಲಾದಗಿಗೆ ಹೊಸ ಸಾಹೇಬ ಬಂದ ವರ್ಷ ಅದು.
ನಮಗೇನು ಸಾಹೇಬ, ನಮಗೇನು ಕಲಾದಗಿ!
ಗುಳೇದಗುಡ್ಡದ ನೇಕಾರ ಓಣಿಯೊಳಗ
ಮೂರು ರಾಟಿ, ಮೂವರು ಹುಡುಗ್ಯಾರು,
ನಡುವ ಒಂದು ಬುಟ್ಟಿ ಕಂಡಿಕಿ.
ನಾನು, ಬಾಳವ್ವ, ನಿಂಬೆವ್ವ.

ಒಳಗ ಕುಣಿಮಗ್ಗದಾಗ ಅಪ್ಪಗೋಳು ಕಾಲು ಇಳಿಬಿಟ್ಟು
ಲಾಳಿ ಒಗೀತಿದ್ರು, ಖಣದ ಮ್ಯಾಲೆ ನೋಟ.
ಲಾಳಿ ಸಪ್ಪಳ ನಿಂತ್ರ ನಾವೂ ನಿಲ್ಲತಿದ್ವಿ.
ಮತ್ತ ಖಟ್ ಅಂದ್ರ, ಬಿಟ್ಟಲ್ಲಿಂದ ಹಿಡೀತಿದ್ವಿ:
ಗೌಡರ ಸೊಸಿ ಬೆಲ್ಲ ಕದ್ದು ತಿಂದದ್ದು,
ಗಂಟೆಪ್ಪ ಶೆಟ್ಟಿ ತಕ್ಕಡಿ ಕೆಳಗ ಹಚ್ಚಿದ ಮೇಣ,
ಮಠದ ಮರಿಗೆ ಬಂದ ಮೀಸಿ.
ನಿಂಬೆವ್ವ ನಗೂದು ಬಾಯಿಲೆ ಅಲ್ಲ, ಹೆಗಲಿಲೆ.
ಅಕಿ ನಕ್ರ ಎಳಿ ಹರೀತಿತ್ತು.
ಹರಿದ ಎಳಿ ಉಗುಳು ಹಚ್ಚಿ ಹೊಸೆದು ಕೂಡಿಸೂದು
ಅಕಿಗೆ ನಾನ ಕಲಿಸಿದ್ದು.

ಕೆರೂರಿಂದ ವರ ಬರತಾನಂದ್ರು. ಹೆಸರು ಕಾಡಪ್ಪ.
ನಿಂಬೆವ್ವನ ರಾಟಿ ತಿರುಗಲಿಲ್ಲ.
'ಕೆರೂರಿಗೆ ಹೋದ್ರ ಮಾತಾಡಾಕ ಯಾರದಾರ ನನಗ?'
ಅಷ್ಟ ಅಂದ್ಲು.
ಅತ್ತಿದ್ರ ಸಮಾಧಾನ ಹೇಳಿ ಬಿಡತಿದ್ವಿ.
ಅಳಲಿಲ್ಲ.

ಮೊದಲು ಯಾರ ಬಾಯಾಗ ಹುಟ್ಟಿತೋ,
ಬಾಳವ್ವ ನಂದಂತಾಳ, ನಾ ಬಾಳವ್ವಂದಂತೀನಿ:
ಆ ಹುಡುಗಗ ಇರುಳಗಣ್ಣಂತ,
ಹೊತ್ತು ಮುಳುಗಿದ್ರ ಗೋಡಿ ಹಿಡಕೊಂಡು ನಡೀತಾನಂತ.
ಹೇಳಿದ್ದು ಒಬ್ಬಾಕಿಗೆ ಮಾತ್ರ,
ಸುಣ್ಣ ಮಾರೋ ಫಕೀರವ್ವಗ,
'ಯಾರಿಗೂ ಹೇಳಬ್ಯಾಡ ಯಕ್ಕಾ' ಅಂತ.
ಅಕಿ ಕತ್ತೆ ಗುಡ್ಡ ಇಳಿಯೂದ್ರಾಗ
ಸುದ್ದಿ ಕೆರೂರ ಅಗಸಿ ಮುಟ್ಟಿ
ತಿರುಗಿ ನಮ್ಮ ಓಣಿಗೆ ಬಂದಿತ್ತು, ಮೈಕೈ ತುಂಬಿಕೊಂಡು:
ಅವರಪ್ಪಗೂ ಇತ್ತಂತ. ಅಜ್ಜ ಬಾವಿಗೆ ಬಿದ್ದನಂತ.
ಅಜ್ಜನ್ನ ನಾವು ಹೇಳಿರಲಿಲ್ಲ.

ವರ ಬಂದಾಗ ದೀಪ ಹಚ್ಚೂ ಹೊತ್ತು.
ಹೊಸ ಕೆರವು ಕಚ್ಚಿತ್ತೋ ಏನೋ, ಕಾಲು ಎಳೀತಿದ್ದ.
ಹೊಸ್ತಿಲ ಎಡವಿದ.
ಒಳಗಿನ ಹೆಂಗಸರೆಲ್ಲ ಒಮ್ಮೆಲೆ ಉಸಿರೆಳಕೊಂಡ್ರು.
ಬಟ್ಟಲದಾಗಿನ ಅವಲಕ್ಕಿ ಬಟ್ಟಲದಾಗ ಉಳೀತು.
ನಾವು ಮೂವರು ಕಣಜದ ಹಿಂದ
ಸೆರಗು ಬಾಯಾಗ ತುರುಕಿಕೊಂಡು ನಕ್ಕಿದ್ದು,
ಇವತ್ತಿಗೂ ಒಮ್ಮೊಮ್ಮೆ ಪಕ್ಕಡಿ ಹಿಡೀತೈತಿ.

ಎರಡು ವರ್ಷ ಕಾಡಪ್ಪಗ ಯಾರೂ ಹೆಣ್ಣು ಕೊಡಲಿಲ್ಲ.
ಕಡೀಕ ನಮ್ಮೋಣಿ ಮೂಲಿಮನಿ ಶಿದ್ದವ್ವನ್ನ ಕೊಟ್ರು.
ಮೈಲಿಬ್ಯಾನಿ ಮುಖದ ತುಂಬ ಗುಳಿ ಬಿಟ್ಟು ಹೋದಾಕಿ.
'ಅವಗ ಕಾಣೂದಿಲ್ಲ, ಇಕಿನ್ನ ಕಾಣೂದ ಬ್ಯಾಡ.'
ಅಂದಾಕಿ ನಾನ. ಎಲ್ಲಾರೂ ನಕ್ಕಿದ್ರು.

ನಿಂಬೆವ್ವನ್ನ ರಬಕವಿಗೆ ಕೊಟ್ರು,
ಕೆರೂರಿಗಿಂತ ನಾಕು ಪಟ್ಟು ದೂರ.
ಆ ವರನ ಮ್ಯಾಲೆ ನಮಗ ಏನೂ ಸಿಗಲಿಲ್ಲ.
ಕಣ್ಣು ಚೊಲೋ, ಹಲ್ಲು ಚೊಲೋ, ಮಾತು ಸಕ್ಕರಿ.
ನನ್ನ ಸೋದರಮಾವಗ ಕೊಟ್ರು, ಎದುರುಮನಿಗೆ.
ರಾಟಿ ಎತ್ತಿಕೊಂಡು ಓಣಿ ದಾಟಿದೆ, ಅಷ್ಟ.

ಒಂದು ಪಂಚಮಿಗೆ ಶಿದ್ದವ್ವ ತವರಿಗೆ ಬಂದಿದ್ಲು.
ಅಳ್ಳಿಟ್ಟು ಕೊಡಾಕ ಬಂದಾಕಿ, ಸುದ್ದಿ ಹೇಳಾಕಲ್ಲ.
ಮಾತಿಗೆ ಮಾತು ಬಂದು ಅಂದ್ಲು:
'ಅಮಾಸಿ ರಾತ್ರಿ, ಮೂಗುತಿ ತಿರಪು ಬಿತ್ತು ನೋಡು.
ದೀಪದಾಗ ಎಣ್ಣಿ ಇಲ್ಲ. ನಾಳೆ ನೋಡೂಣು ಅಂದೆ.
ಎದ್ದ, ಕಂಬಳಿ ಸರಿಸಿದ, ಹೆಕ್ಕಿ ಕೈಯಾಗ ಇಟ್ಟ.
ಎಳ್ಳಿನಷ್ಟ ಇತ್ತವಾ ಅದು.'
ಗುಳಿಬಿದ್ದ ಗಲ್ಲ ಅಷ್ಟೂ ಕೆಂಪು.

ಮರುದಿನ ನಿಂಬೆವ್ವನೂ ಬಂದ್ಲು.
ನಾ ಬ್ಯಾಡಂದ್ರೂ ರಾಟಿ ಮುಂದ ಕುಂತ್ಲು.
ಮೊದಲೆಲ್ಲ ಬಳಿ ಮ್ಯಾಲೆ ಸರಿಸಿ ಕೂಡತಿದ್ಲು,
ಈಗ ಸೆರಗು ಮಣಿಕಟ್ಟಿನ ತನಕ.
ಗೌಡರ ಸೊಸಿ ಹೆಂಗದಾಳ, ಶೆಟ್ಟಿ ತಕ್ಕಡಿ ಏನಾತು,
ಒಂದೊಂದ ಮನಿ, ಒಂದೊಂದ ಬಾಗಲಾ ಕೇಳಿದ್ಲು.
ರಬಕವಿದು ಒಂದ ಮಾತಿಲ್ಲ.
ಮಠದ ಮರಿ ಮೀಸಿ ಬೋಳಿಸಿದ್ದು ಹೇಳಿ ನಗಸಾಕ ನೋಡಿದೆ.
ಬಾಯಿ ನಕ್ಕಿತು. ಹೆಗಲು ಅಲುಗಲಿಲ್ಲ.
ಎಳಿ ಹರೀಲಿಲ್ಲ.

'ಮತ್ತೇನ ಸುದ್ದಿ, ಸಾತವ್ವಾ?'

ಒಳಗ ಲಾಳಿ ನಿಂತಿತ್ತು.
'ಏನಿಲ್ಲವಾ' ಅಂದೆ,
ಕಂಡಿಕಿ ಬುಟ್ಟಿ ಅಕಿ ಕಡೆ ಸರಿಸಿದೆ.