ಹೆಬ್ಬೆರಳು

ಪೆರೇಸಂದ್ರದಾಚೆ ಕ್ವಾರಿ ನಿಂತು ಹನ್ನೆರಡು ವರ್ಷ.
ಈಗದು ಹಸಿರು ನೀರು, ದಡದಲ್ಲಿ ಸಿಲಿಂಡರುಗಳ ಸಾಲು.
"ಆಳ ಅಂದ್ರೆ ಭಯಾನಾ ಅಕ್ಕಾ?" ಅಂದ
ಕಲಿಸುವ ಹುಡುಗ ಲವಕುಮಾರ.
ಈ ಆಳ ತೋಡಿದ್ದೇ ನಾವು, ಅನ್ನಲಿಲ್ಲ;
ಬಾಯಿ ಆಗಲೇ ರಬ್ಬರು ಕಚ್ಚಿತ್ತು.

ಮೊದಲ ಉಸಿರು ಯಾರದೋ ಗೊರಕೆ.
ಕಿವಿ ಬಿಗಿಯಿತು. ಮೂಗು ಹಿಡಿದು ಊದು ಅಂದಿದ್ದ, ಊದಿದೆ.

ಕೆಳಗೆ
ಬುತ್ತಿ ಹೊತ್ತು ನಾನಿಳಿಯುತ್ತಿದ್ದ ಮೆಟ್ಟಿಲು,
ಪಾಚಿ ಹೊದ್ದು.
ಬಂಡೆಗೆ ಗೇಣಿಗೊಂದರಂತೆ ಅಪ್ಪ ಕೊರೆದ ತೂತು,
ಮದ್ದು ತುಂಬದೆ ಬಿಟ್ಟ ಸಾಲು.
ಒಂದರಿಂದ ಬೆರಳುದ್ದದ ಮೀನು ಇಣುಕಿ
ಮತ್ತೆ ಒಳಗಾಯಿತು.

ಧೂಳಿಲ್ಲ.
ಇಲ್ಲಿ ಯಾರೂ ಕೆಮ್ಮುತ್ತಿಲ್ಲ.

ಖುಷಿಗೆ ಹೆಬ್ಬೆರಳೆತ್ತಿದೆ, ಸೊಗಸಾಗಿದೆ ಅಂತ.
ನೀರೊಳಗೆ ಅದರರ್ಥ, ಮೇಲಕ್ಕೆ ಹೋಗೋಣ.
ಮರೆತಿದ್ದೆ.
ಲವಕುಮಾರ ತೋಳು ಹಿಡಿದು ಎತ್ತಿಕೊಂಡೇ ಹೊರಟ;
ನನ್ನ ಬೇಡಬೇಡವೆಲ್ಲ ಗುಳ್ಳೆಯಾಗಿ
ನನಗಿಂತ ಮೊದಲೇ ಮೇಲೆ ಹೋಗಿ ಒಡೆಯಿತು.